‘ಲಸಿಕೆ ಹಾಕಿಸ್ಕೊಂಡ್ರೂ ಬಂತಲ್ಲ ಸಿಸ್ಟರ್?’

ಈ ಪ್ರಶ್ನೆ ಕೇಳದ ಮನೆ ನಮ್ಮ ಉಪಕೇಂದ್ರದ ವ್ಯಾಪ್ತಿಯಲ್ಲಿ ಇರಲಿಲ್ಲ. ಕಾರವಾರ ತಾಲೂಕಿನ ಕಡಲಂಚಿನ ಊರೊಂದರಲ್ಲಿ ನಾನು ಆರೋಗ್ಯ ಸಹಾಯಕಿ. ಕೊರೊನಾ ಲಸಿಕೆ ಹಾಕುವಾಗ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ ಇತ್ತು. ಚುಚ್ಚೋದು ಅರೆಗಳಿಗೆ ಕೆಲಸ. ಆಮೇಲೆ ಅರ್ಧ ಗಂಟೆ ಕೂರಿಸಬೇಕಿತ್ತಲ್ಲ, ಚರ್ಚೆಯೆಲ್ಲ ಆ ಬೆಂಚಿನ ಮೇಲೆ.

‘ಹಾಕಿಸ್ಕೊಂಡ್ರೆ ಕೊರೊನಾ ಬರೋದೇ ಇಲ್ಲ’ ಅಂತ ಒಂದು ವಾಟ್ಸಾಪ್ ಸುದ್ದಿ. ‘ಅದು ಬರೀ ನೀರು’ ಅಂತ ಇನ್ನೊಂದು. ಜನ ಬರಲಿ ಅನ್ನೋ ಆಸೆಗೆ ನಮ್ಮವರಲ್ಲೂ ಕೆಲವರು ಮೊದಲನೇ ಮಾತನ್ನೇ ಆಡುತ್ತಿದ್ದರು. ನನಗದು ಸರಿ ಬರಲಿಲ್ಲ. ಕಾರಣ ಸಿದ್ದಾಪುರ.

ಮೊದಲು ನಾನು ಅಲ್ಲಿದ್ದೆ. ಕಾಡಿನ ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಹಾಕುತ್ತಿದ್ದೆವು. ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದುಂಟು. ಅದಕ್ಕೇ ಲಸಿಕೆ ಹಾಕಿದ ಮೇಲೂ ಎಣ್ಣೆ ಬಾಟಲಿ ಕೈಗೆ ಕೊಟ್ಟು, ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಅಂತ ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಉಣ್ಣಿ ಕಚ್ಚಬಾರದು ಅಂತ ಹೇಳಿ ಕಳಿಸುತ್ತಿದ್ದೆವು. ಲಸಿಕೆ ಅಂದರೆ ಪೂರ್ತಿ ರಕ್ಷಣೆ ಅಲ್ಲ ಅನ್ನೋದು ಅಲ್ಲಿನವರಿಗೆ ಗೊತ್ತೇ ಇತ್ತು. ಪರಿಣಾಮ ಸಾಲದು ಅಂತ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು ಅನ್ನಿ. ಎಲ್ಲ ಲಸಿಕೆಗೂ ಒಂದೇ ತೂಕ ಅಲ್ಲ.

ಹಾಗಾಗಿ ಇಲ್ಲಿ ಚುಚ್ಚುವ ಮೊದಲೇ ಹೇಳಿಬಿಡುತ್ತಿದ್ದೆ: ‘ಇದಾದ ಮೇಲೂ ಕೊರೊನಾ ಬರಬಹುದು. ಬಂದ್ರೆ ಆಕ್ಸಿಜನ್ ಹಾಕೋ ಮಟ್ಟಕ್ಕೆ ಹೋಗೋದು ಬಹಳ ಕಮ್ಮಿ. ನಾಳೆ ಜ್ವರ, ಮೈಕೈ ನೋವು ಬರಬಹುದು.’ ಇಷ್ಟು ಕೇಳಿದರೆ ಜನ ಎದ್ದು ಹೋಗ್ತಾರೆ ಅಂತ ಜೊತೆಯವರು ಹೆದರಿದ್ದರು. ಯಾರೂ ಹೋಗಲಿಲ್ಲ. ಮೀನುಗಾರರಿಗಂತೂ ಜ್ವರದ ಮಾತೇ ಮುಖ್ಯ, ಒಂದು ದಿನ ಮಲಗಿದರೆ ಒಂದು ದಿನದ ದುಡಿಮೆ ಹೋಯಿತು. 18 ದಾಟಿದವರಿಗೆಲ್ಲ ಕೇಂದ್ರವೇ ಉಚಿತ ಲಸಿಕೆ ಕೊಡಲು ಶುರು ಮಾಡಿದ್ದು 2021ರ ಜೂನ್ 21ಕ್ಕೆ. ಜೂನ್, ಜುಲೈ ಮೀನುಗಾರಿಕೆ ನಿಷೇಧ, ಬೈತಖೋಲ್ ಬಂದರಿನಲ್ಲಿ ಬೋಟುಗಳು ಕಟ್ಟಿಕೊಂಡಿದ್ದವು, ಗಂಡಸರು ಮನೆಯಲ್ಲೇ ಸಿಕ್ಕರು. ತೊಂದರೆ ಆಗಿದ್ದು ಎರಡನೇ ಡೋಸಿಗೆ. ಕೋವಿಶೀಲ್ಡ್‌ಗೆ 84 ದಿನದ ಅಂತರ. ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ಎಲ್ಲರೂ ಸಮುದ್ರದಲ್ಲಿ! ಬೋಟ್ ಬರುವ ಹೊತ್ತಿಗೆ ವ್ಯಾಕ್ಸಿನ್ ಕ್ಯಾರಿಯರ್ (ಲಸಿಕೆಯ ತಂಪು ಡಬ್ಬಿ) ಹಿಡಿದು ಬಂದರಿಗೆ ಹೋಗಿ ಕಾದದ್ದಿದೆ. ಲಸಿಕೆಯ ವಯಲ್ (ಸಣ್ಣ ಶೀಶೆ) ತೆರೆದರೆ ಹತ್ತು ಡೋಸ್, ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಹತ್ತು ಜನ ಸೇರುವವರೆಗೆ ಮೀನಿನ ರೇಟು ಮಾತಾಡುತ್ತಾ ನಿಲ್ಲೋದು.

2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ನನಗೂ ತಗುಲಿತು. ಎರಡೂ ಡೋಸ್ ಆಗಿ ತಿಂಗಳುಗಳೇ ಕಳೆದಿದ್ದವು. ಗಂಟಲು ನೋವು, ಎರಡು ದಿನ ಜ್ವರ, ವಾರ ಮನೆಯೊಳಗೆ. ‘ಸಿಸ್ಟರಿಗೇ ಬಂತಂತೆ’ ಅಂತ ಊರೆಲ್ಲ ಸುದ್ದಿ. ಮೊದಲೇ ಹೇಳಿಟ್ಟ ಮಾತು ಆಗ ಕೈ ಹಿಡಿಯಿತು. ‘ಬರಬಹುದು ಅಂತ ನಾನೇ ಹೇಳಿದ್ದೆ ಅಲ್ವಾ?’ ಅಂದರೆ ಮುಗಿಯುತ್ತಿತ್ತು.

ಸುಲಭಕ್ಕೆ ಮುಗಿಯದ ಪ್ರಶ್ನೆ ಬೇರೆ. ನಿವೃತ್ತ ಮಾಸ್ತರರೊಬ್ಬರು ಕೇಳಿದರು, ‘ಆಸ್ಪತ್ರೆ ಸೇರಿದವರಲ್ಲಿ ಲಸಿಕೆ ಹಾಕಿಸಿಕೊಂಡವರೇ ಜಾಸ್ತಿಯಂತೆ. ಮತ್ತೆ ಏನುಪಯೋಗ?’ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಬರೆದು ತೋರಿಸಿದೆ. ಸುಮ್ನೆ ಲೆಕ್ಕಕ್ಕೆ ಹಿಡಿದ ಸಂಖ್ಯೆ: ಊರಲ್ಲಿ 1000 ವಯಸ್ಸಾದವರು. 900 ಮಂದಿ ಹಾಕಿಸಿಕೊಂಡಿದ್ದಾರೆ, 100 ಮಂದಿ ಇಲ್ಲ. ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 10 ಜನ ಆಸ್ಪತ್ರೆಗೆ, ಹಾಕಿಸಿಕೊಂಡವರಲ್ಲಿ ನೂರಕ್ಕೆ 2. ಈಗ ವಾರ್ಡಿನಲ್ಲಿ ಎಣಿಸಿ. ಹಾಕಿಸಿಕೊಂಡವರು 18, ಉಳಿದವರು 10. ಎಣಿಸಿದರೆ ಮೊದಲಿನವರೇ ಜಾಸ್ತಿ, ಆದರೆ ಅವರು 900ರಲ್ಲಿ 18. ಲಸಿಕೆಯೇ ಇಲ್ಲದಿದ್ದರೆ 90 ಆಗುತ್ತಿತ್ತು. ಮಾಸ್ತರರು ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಕೂಡಿಸಿ ನೋಡಿದರು.

‘ನೂರಕ್ಕೆ 70 ಪರಿಣಾಮ’ ಅನ್ನೋದರಲ್ಲೂ ಇದೇ ಗೊಂದಲ. ಉಳಿದ 30 ಜನಕ್ಕೆ ಕೊರೊನಾ ಗ್ಯಾರಂಟಿ ಅಂತ ಅದರ ಅರ್ಥ ಅಲ್ಲ. ಲಸಿಕೆ ಇಲ್ಲದೆ 100 ಜನ ಕಾಯಿಲೆ ಬೀಳುವ ಕಡೆ 30 ಜನ ಬೀಳುತ್ತಾರೆ ಅಂತ. ಕೋವಿಶೀಲ್ಡ್‌ನ ಮೊದಲ ಪರೀಕ್ಷೆಗಳಲ್ಲಿ ಸುಮಾರು 70 ಬಂದಿತ್ತು, ಕೋವ್ಯಾಕ್ಸಿನ್‌ಗೆ 77.8. ಅದೂ ಓಮಿಕ್ರಾನ್‌ಗೆ ಮುಂಚಿನ ಲೆಕ್ಕ. ಆಮೇಲೆ ಸೋಂಕು ತಡೆಯುವ ಶಕ್ತಿ ಬಹಳ ಇಳಿಯಿತು, ಪ್ರಾಣಕ್ಕೆ ಬರೋದನ್ನು ತಡೆಯುವ ಶಕ್ತಿ ಅಷ್ಟು ಇಳಿಯಲಿಲ್ಲ.

ಈ ಲೆಕ್ಕ ಎಲ್ಲ ಕಡೆ ತೆಗೆಯೋದಿಲ್ಲ. ಎರಡೂ ಡೋಸ್ ಆದ ಮೇಲೂ ಅಜ್ಜ ತೀರಿಕೊಂಡ ಮನೆಯೊಂದಿದೆ. ಅವರಿಗೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಮೊದಲೇ ಇತ್ತು. ಅಲ್ಲಿ ನೂರಕ್ಕೆ ಇಷ್ಟು ಅಂತ ಹೇಳಲು ಹೋದರೆ ಚಹಾನೂ ಸಿಗಲಿಕ್ಕಿಲ್ಲ, ಸಿಗಬಾರದು ಕೂಡ. ಹೋದೆ, ಕೂತೆ, ಅಜ್ಜಿಯ ಬಿಪಿ ನೋಡಿದೆ. ಮೂರನೇ ಡೋಸ್ ಬಂದಾಗ ಮಗ ‘ಬ್ಯಾಡ ಸಿಸ್ಟರ್, ನಂಗೆ ಬ್ಯಾಡ’ ಅಂದ. ಒತ್ತಾಯ ಮಾಡಲಿಲ್ಲ. ಸೊಸೆ ಅಜ್ಜಿಯನ್ನು ಕರೆದುಕೊಂಡು ಬಂದು ಇಬ್ಬರೂ ಹಾಕಿಸಿಕೊಂಡು ಹೋದರು.