"ಅಲ್ಲಿ ಜನಾನೇ ಇಲ್ವಾ?" ಅಂತ ಕೇಳುವವರಿಗೆ

ಊರಿಂದ ಯಾರೇ ಬಂದರೂ ಒಂದು ದಿನ ಗಾಡ್‌ರಿಚ್ ಎಂಬ ಸರೋವರದ ದಡದ ಪೇಟೆಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿ. ನಾವಿರುವುದು ಲಂಡನ್‌ನಲ್ಲಿ. ಇಂಗ್ಲೆಂಡಿನದಲ್ಲ, ಕೆನಡಾದ ಒಂಟಾರಿಯೋದ್ದು. ಅಲ್ಲಿಂದ ಉತ್ತರಕ್ಕೆ ಹೊರಟರೆ ಹ್ಯೂರಾನ್ ಕೌಂಟಿ, ಅದರ ಪಶ್ಚಿಮದ ಅಂಚಿನಲ್ಲಿ ಸಮುದ್ರದ ಹಾಗೆ ಕಾಣುವ ಹ್ಯೂರಾನ್ ಸರೋವರ. ದಾರಿಯುದ್ದಕ್ಕೂ ಜೋಳ, ಸೋಯಾ, ಬಿಳಿ ಬೀನ್ಸ್. ಗೆರೆ ಎಳೆದ ಹಾಗೆ ನೆಟ್ಟಗೆ ರಸ್ತೆ. ಹೊರಟು ಅರ್ಧ ಗಂಟೆಯಾಗುವುದರೊಳಗೆ ಹಿಂದಿನ ಸೀಟಿನಿಂದ ಆ ಪ್ರಶ್ನೆ ಬಂದೇ ಬರುತ್ತದೆ: "ಇಲ್ಲಿ ಜನಾನೇ ಇಲ್ವಾ?" ಅದರ ಬೆನ್ನಿಗೇ ಎರಡನೆಯದು: "ಇಷ್ಟು ಜಾಗ ಮೊದಲಿಂದ್ಲೂ ಹೀಗೇ ಖಾಲಿ ಬಿದ್ದಿತ್ತಾ?"

ಮೊದಮೊದಲು "ಚಳಿ ಜಾಸ್ತಿ, ಜನ ಕಡಿಮೆ" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅದು ತಪ್ಪು ಉತ್ತರ. ಇಲ್ಲಿ ಜನ ಇದ್ದರು. ಈಗ ಇರುವುದಕ್ಕಿಂತ ಹೆಚ್ಚೇ ಇದ್ದರು. 1881ರ ಜನಗಣತಿಯ ಹೊತ್ತಿಗೆ ಹ್ಯೂರಾನ್ ಕೌಂಟಿಯ ಜನಸಂಖ್ಯೆ 70 ಸಾವಿರ ದಾಟಿತ್ತು. 1941ಕ್ಕೆ ಅದು ಸುಮಾರು 44 ಸಾವಿರಕ್ಕೆ ಇಳಿಯಿತು. ಮತ್ತೆ ಏರಿ 2021ರಲ್ಲಿ ಸುಮಾರು 61 ಸಾವಿರ. ಏರಿಕೆಯೆಲ್ಲ ಬಹುಪಾಲು ಪೇಟೆಗಳಲ್ಲಿ. ಹೊಲದ ನಡುವಿನ ಜನ ಹೋದವರು ಹೋದರು. ಒಂಟಾರಿಯೋ ಇಡಿಯಾಗಿ ಬೆಳೆಯುತ್ತ ಹೋದ ಕಾಲದಲ್ಲೇ ಅದರ ಹಳ್ಳಿಗಾಡು ಕರಗಿತು.

ಈ ಹಳ್ಳಿಗಾಡನ್ನು ಟೌನ್‌ಶಿಪ್‌ಗಳಾಗಿ ಹಂಚಿದ್ದಾರೆ. ಟೌನ್‌ಶಿಪ್ ಅಂದ ಕೂಡಲೇ ನಮ್ಮವರಿಗೆ ಗೇಟು, ಕ್ಲಬ್‌ಹೌಸು ಇರುವ ಲೇಔಟು ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಕೌಂಟಿಯನ್ನು ತಾಲ್ಲೂಕು ಅಂದುಕೊಂಡರೆ ಟೌನ್‌ಶಿಪ್ ಹೋಬಳಿ. ಅದಕ್ಕೊಂದು ಕೌನ್ಸಿಲ್ಲು, ಅದರದೇ ಕಂದಾಯ, ರಸ್ತೆ ರಿಪೇರಿಯ ಜವಾಬ್ದಾರಿ. ಆದರೆ ಹೋಬಳಿಯ ಗಡಿ ಹಳ್ಳಿಗಳು ಇದ್ದ ಮೇಲೆ ಬಂದದ್ದು. ಇಲ್ಲಿ ಗೆರೆ ಮೊದಲು ಬಂತು, ಜನ ಆಮೇಲೆ ಬಂದರು.

ಅಂದರೆ ಗೆರೆಗೆ ಮುಂಚೆ ಖಾಲಿ ಇತ್ತು ಅಂತಲ್ಲ. ಇದು ಅನಿಶಿನಾಬೆ ಎಂಬ ಮೂಲನಿವಾಸಿಗಳ ನೆಲ. 1827ರ ಜುಲೈಯಲ್ಲಿ, ಹ್ಯೂರಾನ್ ಟ್ರ್ಯಾಕ್ಟ್ ಒಪ್ಪಂದ ಅಂತ ಕರೆಯುವ 29ನೇ ಒಪ್ಪಂದದ ಮೂಲಕ, 20 ಲಕ್ಷ ಎಕರೆಗೂ ಮಿಕ್ಕಿದ ನೆಲ ಬ್ರಿಟಿಷರ ಕೈ ಸೇರಿತು. ಬದಲಿಗೆ ವರ್ಷಕ್ಕೆ 1,100 ಪೌಂಡ್. ಮೂಲದವರಿಗೆ ಉಳಿದದ್ದು ನಾಲ್ಕು ತುಂಡು, ಒಟ್ಟು ನೆಲದಲ್ಲಿ ಅದು ಶೇಕಡಾ ಒಂದೂ ಆಗುವುದಿಲ್ಲ. "ಖಾಲಿ ಜಾಗ" ಎಂಬ ಮಾತು ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಲೆಕ್ಕ. ಆಗಲೂ ಹಾಗೇ ಹೇಳಿ ತಾನೇ ಹಂಚಿದ್ದು!

ಅದರಲ್ಲಿ ಸುಮಾರು 10 ಲಕ್ಷ ಎಕರೆ ಹೋದದ್ದು ಒಂದು ಕಂಪನಿಗೆ. ಕೆನಡಾ ಕಂಪನಿ ಅಂತ, 1826ರಲ್ಲಿ ಲಂಡನ್‌ನಲ್ಲಿ (ಈ ಸಲ ಇಂಗ್ಲೆಂಡಿನದೇ) ಹುಟ್ಟಿದ್ದು. ಅದರ ಪರವಾಗಿ ಇಲ್ಲಿಗೆ ಬಂದ ಜಾನ್ ಗಾಲ್ಟ್ 1827ರ ಏಪ್ರಿಲ್ 23ರಂದು ದೊಡ್ಡ ಮೇಪಲ್ ಮರವೊಂದನ್ನು ಕಡಿಸಿ ಗ್ವೆಲ್ಫ್ ಪಟ್ಟಣಕ್ಕೆ ಮುಹೂರ್ತ ಮಾಡಿದ. ಭೂಮಿಪೂಜೆಗೆ ಗುದ್ದಲಿಯ ಬದಲು ಕೊಡಲಿ. ಅದೇ ವರ್ಷ ಗಾಡ್‌ರಿಚ್ ಹುಟ್ಟಿತು. ನಡುವಿನ ಕಾಡನ್ನೆಲ್ಲ ಅಳೆದು ತುಂಡು ಮಾಡಿ ಮಾರುವುದು ಕಂಪನಿಯ ದಂಧೆ. ಕೈಯಲ್ಲಿ ದುಡ್ಡಿಲ್ಲದವರು ಕಂತು ಕಟ್ಟಬಹುದಿತ್ತು. 1842ರ ನಂತರ ಹತ್ತು ವರ್ಷದ ಗುತ್ತಿಗೆಯೂ ಸಿಗುತ್ತಿತ್ತು, ಉತ್ತು ಬೆಳೆದು ಗುತ್ತಿಗೆ ಕಟ್ಟುತ್ತಿದ್ದು ಕೊನೆಗೆ ಕೊಳ್ಳುವ ಹಾಗೆ.

ಇಲ್ಲಿ ನಮ್ಮ ಚಿಕ್ಕಪ್ಪನ ವಿಷಯ ಹೇಳಬೇಕು. ಅವರು ಸರ್ವೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ಹೋದ ಬೇಸಿಗೆಯಲ್ಲಿ ಬಂದಿದ್ದಾಗ ಇದೇ ದಾರಿಯಲ್ಲಿ ಕರೆದುಕೊಂಡು ಹೋದೆ. ಜನ ಯಾಕಿಲ್ಲ ಅಂತ ಅವರು ಕೇಳಲಿಲ್ಲ. "ಯಾವ ಚೈನಲ್ಲಿ ಅಳೆದಿದಾರೋ ಇದನ್ನ?" ಅಂದರು. ಎಷ್ಟೋ ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು.

ಇಲ್ಲಿನ ಚೈನು 66 ಅಡಿ. ನಮ್ಮ ಕಡೆ ಹದಿನಾರು ಆಣೆಯ ಚೈನು 33 ಅಡಿ, ಸರಿಯಾಗಿ ಅರ್ಧ. 33 ಅಡಿಗೆ 33 ಅಡಿ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಇಲ್ಲಿ ಹತ್ತು ಚದರ ಚೈನಿಗೆ ಎಕರೆ. ಒಂದೇ ಎಕರೆ, ಒಂದೇ ಸಾಮ್ರಾಜ್ಯದ ಲೆಕ್ಕ. ಆದರೆ ನಮ್ಮಲ್ಲಿ ಅಳೆಯಲು ಹೋದವರ ಎದುರಿಗೆ ಬದು, ಹಳ್ಳ, ದೇವಸ್ಥಾನ, ಜಗಳ ಎಲ್ಲ ಮೊದಲೇ ಇದ್ದವು. ಇಲ್ಲಿ ಕಾಡಿನ ಮೇಲೆ ಸುಮ್ಮನೆ ಚೌಕ ಬರೆದರು. 20 ಚೈನು ಅಗಲ, 50 ಚೈನು ಉದ್ದ, ಒಟ್ಟು 1,000 ಚದರ ಚೈನು: ನೂರು ಎಕರೆಯ ಒಂದು ಲಾಟ್. ಎರಡು ಲಾಟ್‌ಗಳ ಬೆನ್ನು ಸೇರಿಸಿದರೆ ನೂರು ಚೈನು, ಅಂದರೆ ಒಂದೂಕಾಲು ಮೈಲಿ. ಅಷ್ಟು ದೂರಕ್ಕೊಂದು ರಸ್ತೆ. ಅದಕ್ಕೆ ಕನ್ಸೆಶನ್ ರೋಡ್ ಅನ್ನುತ್ತಾರೆ. ಇವತ್ತಿಗೂ ಕಾರಿನ ಮೀಟರ್ ನೋಡುತ್ತ ಹೋದರೆ ಹೆಚ್ಚಿನ ಕಡೆ ಎರಡು ಕಿಲೋಮೀಟರಿಗೊಂದು ಅಡ್ಡರಸ್ತೆ ಸಿಗುತ್ತದೆ.

ಈ ನೂರು ಎಕರೆಯೇ ಇಡೀ ಕತೆ. ಮಿಕ್ಕದ್ದೆಲ್ಲ ಅದರ ಬಾಲ.

ಲಾಟ್ ಕೊಂಡವನ ಕೈಗೆ ಸಿಕ್ಕಿದ್ದು ಹೊಲ ಅಲ್ಲ, ಮೇಪಲ್, ಬೀಚ್, ಎಲ್ಮ್ ಮರಗಳ ಕಾಡು. ಒಬ್ಬ ಆಳು ವರ್ಷಕ್ಕೆ ನಾಲ್ಕೈದು ಎಕರೆ ಕಡಿದರೆ ಅದೇ ದೊಡ್ಡದು. ಕಡಿದದ್ದನ್ನು ರಾಶಿ ಹಾಕಿ ಸುಡಬೇಕು. ಆ ಬೂದಿಯೇ ಮೊದಲ ಫಸಲು! ಬೂದಿಗೆ ನೀರು ಹೊಯ್ದು, ಇಳಿದ ಕ್ಷಾರದ ನೀರನ್ನು ಕಬ್ಬಿಣದ ಕಡಾಯಿಯಲ್ಲಿ ಕುದಿಸಿ ಬತ್ತಿಸಿದರೆ ಪೊಟ್ಯಾಶ್. ಬ್ರಿಟನ್ನಿನ ಸಾಬೂನು, ಗಾಜು, ಬಟ್ಟೆ ಕಾರ್ಖಾನೆಗಳಿಗೆ ಅದು ಬೇಕಿತ್ತು. ಗೋಧಿ ಕೈಗೆ ಬರುವ ತನಕ ನಾಲ್ಕು ಕಾಸು ತಂದದ್ದು ಅದೇ. ನೆಲದಲ್ಲಿ ಉಳಿದ ಬೊಡ್ಡೆಗಳು ಕೊಳೆತು ಸಡಿಲವಾಗಲು ಎಂಟು ಹತ್ತು ವರ್ಷ ಬೇಕು. ಅಲ್ಲಿಯವರೆಗೆ ಬೊಡ್ಡೆಗಳ ನಡುವೆಯೇ ಗೋಧಿ ಎರಚಿ, ಮುಕ್ಕೋನದ ಹಲುಬೆಗೆ ಎತ್ತು ಕಟ್ಟಿ ಎಳೆಸುವುದು. ಕುದುರೆ ಬಂದದ್ದು ಆಮೇಲೆ. ಬೊಡ್ಡೆಗೆ ತಗುಲಿದರೆ ಕುದುರೆ ಗಾಬರಿ ಬೀಳುತ್ತದೆ, ಎತ್ತು ನಿಂತು ಯೋಚನೆ ಮಾಡುತ್ತದೆ.

ದಿಮ್ಮಿ ಉರುಳಿಸಲು, ಕೊಟ್ಟಿಗೆಯ ಚೌಕಟ್ಟು ಎತ್ತಲು ಒಬ್ಬನಿಂದ ಆಗದು. ಸುತ್ತಲಿನವರೆಲ್ಲ ಬಂದು ಒಂದು ದಿನ ದುಡಿದು ಹೋಗುತ್ತಿದ್ದರು. ಅದನ್ನು "ಬೀ" ಅನ್ನುತ್ತಿದ್ದರು. ನಮ್ಮ ಮುಯ್ಯಾಳು ಪದ್ಧತಿಯೇ, ಕೂಲಿ ಇಲ್ಲ, ಋಣ ಉಂಟು. ಕರೆದವರು ಹೊಟ್ಟೆ ತುಂಬ ಊಟ ಹಾಕಬೇಕು, ವಿಸ್ಕಿಯನ್ನೂ ಹೊಯ್ಯಬೇಕು. ವಿಸ್ಕಿ ಬೇಡ ಅನ್ನುವ ಮದ್ಯವಿರೋಧಿ ಮನೆಗಳಿಗೆ ಕೊಟ್ಟಿಗೆ ಎತ್ತುವ ದಿನ ಬಂದರೆ ಪೀಕಲಾಟ.

1850ರ ದಶಕ ಇವರ ಸುಗ್ಗಿ. ರಷ್ಯಾದೊಂದಿಗೆ ಕ್ರಿಮಿಯಾ ಯುದ್ಧ ಹತ್ತಿ ಗೋಧಿಯ ಬೆಲೆ ಏರಿತು. 1854ರಲ್ಲಿ ಅಮೆರಿಕದ ಜೊತೆ ಸುಂಕವಿಲ್ಲದ ವ್ಯಾಪಾರದ ಒಪ್ಪಂದವಾಯಿತು, ಅದು 1866ರ ತನಕ ನಡೆಯಿತು. 1858ಕ್ಕೆ ಗಾಡ್‌ರಿಚ್‌ಗೆ ರೈಲು ಬಂತು. ಮರದ ಗುಡಿಸಲಿದ್ದಲ್ಲಿ ಇಟ್ಟಿಗೆಯ ಮನೆ ಎದ್ದಿತು. ಇಡೀ ಪ್ರಾಂತ್ಯದಲ್ಲಿ 1851ರ ಗಣತಿಗೆ ಸುಮಾರು ಒಂಬತ್ತೂವರೆ ಲಕ್ಷ ಇದ್ದ ಜನ 1871ಕ್ಕೆ ಹದಿನಾರು ಲಕ್ಷ ದಾಟಿದರು.

ಆ 1871ರ ಗಣತಿಯ ಹಾಳೆಗಳನ್ನು ನೀವು ಒಮ್ಮೆ ನೋಡಬೇಕು. ಕೆನಡಾ ಒಂದು ದೇಶವಾದ ಮೇಲಿನ ಮೊದಲ ಗಣತಿ ಅದು. ಒಂಬತ್ತು ಪಟ್ಟಿ. ಮೊದಲನೆಯದರಲ್ಲಿ ಬದುಕಿರುವವರು: ಹೆಸರು, ವಯಸ್ಸು, ಧರ್ಮ, ಮೂಲ, ಕಸುಬು. ಎರಡನೆಯದರಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರು. ನಾಲ್ಕನೆಯದರಲ್ಲಿ ಹೊಲ ಮತ್ತು ಬೆಳೆ, ಐದನೆಯದರಲ್ಲಿ ದನಕರು. ಮೊದಲ ಪಟ್ಟಿಯಲ್ಲಿ ಗಂಡನ ಕಸುಬು "ರೈತ" ಅಂತ ಇರುತ್ತದೆ, ಹೆಂಡತಿಯ ಕಸುಬಿನ ಅಂಕಣ ಸಾಮಾನ್ಯವಾಗಿ ಖಾಲಿ. ಅವಳನ್ನು ಹುಡುಕಬೇಕಾದರೆ ಐದನೆಯ ಪಟ್ಟಿಗೆ ಹೋಗಬೇಕು: ಬೆಣ್ಣೆ ಇಷ್ಟು ಪೌಂಡು, ಮನೆಯಲ್ಲಿ ಮಾಡಿದ ಚೀಸ್ ಇಷ್ಟು, ಉಣ್ಣೆ ಇಷ್ಟು, ಮನೆಯಲ್ಲಿ ನೇಯ್ದ ಬಟ್ಟೆ ಇಷ್ಟು ಗಜ. ಯಾರು ಕಡೆದರು, ಯಾರು ನೂತರು ಅಂತ ಬರೆದಿಲ್ಲ. ಆ ಬೆಣ್ಣೆಯನ್ನು ಅಂಗಡಿಯವನಿಗೆ ಹಾಕಿ ಚಹಾ, ಉಪ್ಪು, ಸೂಜಿ ತರುತ್ತಿದ್ದವರು ಆ ಖಾಲಿ ಅಂಕಣದವರೇ.

ಆ ಕಾಲದ ಒಂದು ಚದರ ಮೈಲಿಯನ್ನು ಊಹಿಸಿಕೊಳ್ಳಿ. 640 ಎಕರೆ, ಅಂದರೆ ಆರು ಲಾಟ್. ಮನೆಗೆ ಆರು ಜನ ಅಂತ ಹಿಡಿದರೂ ಮೂವತ್ತಾರು. ಮೇಲೆ ಅಡ್ಡರಸ್ತೆ ಕೂಡುವಲ್ಲಿ ಕಮ್ಮಾರ, ಅಂಗಡಿ, ಗಿರಣಿ, ಹೆಂಡದಂಗಡಿ, ಮೂರು ಪಂಥಕ್ಕೆ ಮೂರು ಇಗರ್ಜಿ. ಮಕ್ಕಳು ನಡೆದು ಹೋಗುವಷ್ಟು ದೂರದಲ್ಲಿ ಒಂದೇ ಕೋಣೆಯ ಶಾಲೆ. ಹೇ ಟೌನ್‌ಶಿಪ್ಪಿನಲ್ಲಿ ಜರ್ಮನರು ಬಂದು ಕೂತ ಊರಿನ ಹೆಸರು ಜ್ಯೂರಿಕ್. ಆಶ್‌ಫೀಲ್ಡ್ ಕಡೆ ಸ್ಕಾಟ್ಲೆಂಡಿನ ಗೇಲಿಕ್ ಮಾತು. ನಮ್ಮ ಹಳ್ಳಿಯ ಲೆಕ್ಕದಲ್ಲಿ ಇದೇನು ಜನವೇ ಅಲ್ಲ ಅನ್ನಬಹುದು. ಆದರೆ ನೂರು ಎಕರೆಯ ಅಳತೆಗೆ ಆ ಟೌನ್‌ಶಿಪ್ ಭರ್ತಿಯಾಗಿತ್ತು. ಕಾಡು ಮುಗಿದಿತ್ತು, ಖಾಲಿ ಲಾಟ್ ಇರಲಿಲ್ಲ.

ಆಮೇಲೆ ಮಕ್ಕಳು ದೊಡ್ಡವರಾದರು.

ಒಂದು ಮನೆಯಲ್ಲಿ ನಾಲ್ಕು ಗಂಡು, ಮೂರು ಹೆಣ್ಣು ಅಂತಿಟ್ಟುಕೊಳ್ಳಿ. ನಮ್ಮಲ್ಲಾಗಿದ್ದರೆ ಗೊತ್ತೇ ಇದೆಯಲ್ಲ: ನಾಲ್ಕು ಪಾಲು, ಅದರಲ್ಲಿ ಮತ್ತೆ ಮೂರು ಪಾಲು, ಮೊಮ್ಮಕ್ಕಳ ಕಾಲಕ್ಕೆ ಪಹಣಿಯಲ್ಲಿ ಗುಂಟೆಗಳು. ಇಲ್ಲಿ ಹೆಚ್ಚಿನವರು ಹೊಲ ಒಡೆಯಲಿಲ್ಲ. ಮೊದಮೊದಲು ಅಪ್ಪಂದಿರು ಪಕ್ಕದ ಲಾಟ್ ಕೊಂಡು ಇನ್ನೊಬ್ಬ ಮಗನನ್ನು ಕೂರಿಸುತ್ತಿದ್ದರು. ಬೆಲೆ ಏರಿದ ಮೇಲೆ ಅದೂ ನಿಂತಿತು. ಹೊಲ ಒಬ್ಬ ಮಗನಿಗೆ. ಅವನು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಇಷ್ಟಿಷ್ಟು ಹಣ ಕೊಡಬೇಕು, ಅಪ್ಪ ಅಮ್ಮನನ್ನು ಸಾಕಬೇಕು. ಉಯಿಲಿನಲ್ಲಿ ಇದನ್ನೂ ಬಿಡಿಸಿ ಬರೆಯುತ್ತಿದ್ದರು: ತಾಯಿಗೆ ಮನೆಯಲ್ಲಿ ಒಂದು ಕೋಣೆ, ಸೀಳಿದ ಸೌದೆ, ಒಂದು ಹಸುವಿನ ಮೇವು, ಇಗರ್ಜಿಗೆ ಹೋಗಲು ಕುದುರೆ. ಮಗನನ್ನು ನಂಬದೆ ಕಾಗದ ಮಾಡಿಸಿದರಲ್ಲ ಅಂತ ನಮ್ಮ ಅತ್ತೆಗೆ ಬೇಜಾರಾಯಿತು. ನನಗೇನೋ ಕಾಗದ ಮಾಡಿಸಿದ್ದೇ ಒಳ್ಳೆಯದು ಅನ್ನಿಸುತ್ತದೆ.

ಮಿಕ್ಕ ಮೂವರು ಗಂಡುಮಕ್ಕಳು? ನಾವು ಹೊಲ ಹಂಚಿದೆವು, ಇವರು ಮಕ್ಕಳನ್ನು ಹಂಚಿದರು. ಕೆಲವರು ಸರೋವರ ದಾಟಿ ಅಮೆರಿಕದ ಮಿಶಿಗನ್‌ಗೆ, ಮರ ಕಡಿಯಲು, ಹೊಲ ಹುಡುಕಲು. ಕೆಲವರು ಟೊರೊಂಟೊದ, ಡೆಟ್ರಾಯ್ಟಿನ ಕಾರ್ಖಾನೆಗಳಿಗೆ. ಹೆಣ್ಣುಮಕ್ಕಳು ಟೀಚರಾಗಿ, ಮನೆಗೆಲಸಕ್ಕೆ, ಹೊಲಿಗೆಗೆ ಪೇಟೆ ಸೇರಿದರು. 1870ರ ದಶಕದ ಕೊನೆಗೆ ಹಿಡಿದದ್ದು ಪಶ್ಚಿಮದ ಮ್ಯಾನಿಟೋಬಾ ಪ್ರಾಂತ್ಯಕ್ಕೆ ಹೋಗುವ ಜ್ವರ. ಪಶ್ಚಿಮದ ಬಯಲಿನಲ್ಲಿ 1872ರ ಕಾನೂನಿನ ಪ್ರಕಾರ ಹತ್ತು ಡಾಲರ್ ಫೀಸು ಕಟ್ಟಿ, ಅಲ್ಲೇ ಇದ್ದು ಉಳುಮೆ ಮಾಡಿದರೆ 160 ಎಕರೆ. ಕಡಿಯಲು ಮರವೇ ಇಲ್ಲ! ಅಪ್ಪ ಇಪ್ಪತ್ತು ವರ್ಷ ಬೊಡ್ಡೆ ಕಿತ್ತದ್ದನ್ನು ನೋಡಿದ ಮಗನಿಗೆ ಇನ್ನೇನು ಬೇಕು. 1885ರ ನವೆಂಬರಿನಲ್ಲಿ ರೈಲು ಹಳಿ ದೇಶದ ಈ ತುದಿಯಿಂದ ಆ ತುದಿಗೆ ಕೂಡಿಕೊಂಡಿತು.

ಅಲ್ಲಿ ಅವರು ಬಿತ್ತಿದ ಬೀಜದ ಕತೆ ಇನ್ನೂ ಚೆನ್ನಾಗಿದೆ. ಒಂಟಾರಿಯೋದ್ದೇ ಇನ್ನೊಂದು ಟೌನ್‌ಶಿಪ್, ಪೀಟರ್‌ಬರೋ ಬಳಿಯ ಒಟೊನಬಿ. ಅಲ್ಲಿನ ಡೇವಿಡ್ ಫೈಫ್ ಎಂಬ ರೈತ 1842ರ ಸುಮಾರಿಗೆ ಸ್ಕಾಟ್ಲೆಂಡಿನಿಂದ ಒಂದಿಷ್ಟು ಗೋಧಿ ತರಿಸಿ ಬಿತ್ತಿದ. ಬದುಕಿದ್ದು ಒಂದೇ ಗಿಡ, ಅದಕ್ಕೂ ಮನೆಯ ಹಸು ಬಾಯಿ ಹಾಕಿತ್ತು, ಹೆಂಡತಿ ಓಡಿಸಿ ಉಳಿಸಿದಳು ಅಂತ ಕತೆ. ಹಸುವಿನ ಭಾಗ ಎಷ್ಟು ನಿಜವೋ, ರೆಡ್ ಫೈಫ್ ಎಂಬ ಆ ತಳಿ ಮಾತ್ರ ನಿಜ. ಬಯಲುಸೀಮೆಯ ಚಳಿಗೆ ಹೊಂದಿಕೊಂಡದ್ದು ಅದೇ. 1876ರಲ್ಲಿ ಮ್ಯಾನಿಟೋಬಾದ ವಿನಿಪೆಗ್‌ನಿಂದ ಒಂಟಾರಿಯೋಗೆ ಬೀಜಕ್ಕಾಗಿ ಬಂದ ಮೊದಲ ಗೋಧಿ, 857 ಬುಶೆಲ್, ರೆಡ್ ಫೈಫ್. ಒಂಟಾರಿಯೋದ ಟೌನ್‌ಶಿಪ್ಪಿನಲ್ಲಿ ಉಳಿದುಕೊಂಡ ಗೋಧಿ ಪಶ್ಚಿಮವನ್ನು ತೆರೆಯಿತು, ಪಶ್ಚಿಮ ಟೌನ್‌ಶಿಪ್‌ಗಳ ಮಕ್ಕಳನ್ನು ಎಳೆದುಕೊಂಡಿತು.

ಹಾಗಂತ ಇಲ್ಲಿನ ಬೇಸಾಯ ಹಾಳಾಗಲಿಲ್ಲ, ಇದನ್ನು ನಮ್ಮವರಿಗೆ ಒಪ್ಪಿಸುವುದೇ ಕಷ್ಟ. ಜನ ಹೋದರೆ ಊರು ಹಾಳು ಅಂತ ನಮ್ಮ ಲೆಕ್ಕ. ಸವೆದ ನೆಲದಲ್ಲಿ ಗೋಧಿ ಬಿಟ್ಟು ದನ, ಹುಲ್ಲು, ಹಾಲಿಗೆ ತಿರುಗಿದರು. 1864ರಲ್ಲಿ ಆಕ್ಸ್‌ಫರ್ಡ್ ಕೌಂಟಿಯ ನಾರ್ವಿಚ್‌ನಲ್ಲಿ ಮೊದಲ ಚೀಸ್ ಫ್ಯಾಕ್ಟರಿ ಶುರುವಾಯಿತು, ಆಮೇಲೆ ಅದು ಪ್ರಾಂತ್ಯದ ತುಂಬ ಹಬ್ಬಿತು. ಐದನೆಯ ಪಟ್ಟಿಯ ಹೆಂಗಸರ ಚೀಸ್ ಕೆಲಸ ಫ್ಯಾಕ್ಟರಿಯ ಗಂಡಸರ ಕೈಗೆ ಹೋದದ್ದೂ ಆಗಲೇ. ಕುದುರೆ ಎಳೆಯುವ ಕಟಾವು ಯಂತ್ರ ಬಂದು ಕುಡುಗೋಲಿನ ಆಳುಗಳು ಬೇಡವಾದರು. ಅಂಥ ಯಂತ್ರ ಮಾಡುವ ಮ್ಯಾಸಿ ಮತ್ತು ಹ್ಯಾರಿಸ್ ಕಂಪನಿಗಳು, ಎರಡೂ ಒಂಟಾರಿಯೋದವೇ, 1891ರಲ್ಲಿ ಒಂದಾದವು. ನೂರು ಎಕರೆಗೆ ಒಂದು ಮನೆ ಸಾಕಾಗಿ ಮಿಕ್ಕಿತು. ಆಮೇಲೆ ಟ್ರ್ಯಾಕ್ಟರ್ ಬಂದು ಎರಡು ನೂರಕ್ಕೆ ಒಂದು. 2021ರ ಲೆಕ್ಕದಲ್ಲಿ ಒಂಟಾರಿಯೋದ ಸರಾಸರಿ ಹೊಲ 243 ಎಕರೆ. ಹ್ಯೂರಾನ್‌ನಲ್ಲಿ ಸಾವಿರ ಎಕರೆ ಮಾಡುವ ಮನೆಗಳೂ ಇವೆ.

ಅಡ್ಡರಸ್ತೆ ಕೂಡುವಲ್ಲಿ ಒಂದು ಹಳೆಯ ಶಾಲೆ ಇದೆ. ಈಗ ಅದು ಯಾರದೋ ಮನೆ, ಗಂಟೆಯ ಗೂಡು ಮಾತ್ರ ಮೇಲೆ ಉಳಿದಿದೆ. ಚಿಕ್ಕಪ್ಪ ಬಂದಾಗ ಅಲ್ಲಿ ಕಾರು ನಿಲ್ಲಿಸಿ ಇಷ್ಟನ್ನೂ ಹೇಳಿದೆ. ಅವರು ಅರ್ಧ ಕೇಳಿಸಿಕೊಂಡರು, ಅರ್ಧ ಬಿಟ್ಟರು. ಕೆಳಗಿಳಿದು ಈಚೆ ಬೇಲಿಯ ಹತ್ತಿರ ಹೋಗಿ ನಿಂತು, ಆಚೆ ಬೇಲಿಯ ತನಕ ಹೆಜ್ಜೆ ಹಾಕುತ್ತ ಎಣಿಸಿದರು. ರಸ್ತೆಯ ಮೇಲೆ ಒಂದು ಗಾಡಿಯೂ ಬರಲಿಲ್ಲ.

"ಎರಡು ಚೈನು," ಅಂದರು ಆಚೆಯಿಂದ. "ನಮ್ಮ ಚೈನಲ್ಲಿ. ಒಂದಡಿ ಒತ್ತುವರಿ ಆಗಿಲ್ಲ ನೋಡು."