ಝೊಂಗ್ಜಿ: ಎಲೆ, ದಾರ ಮತ್ತು ನೀರಿನ ಡ್ರ್ಯಾಗನ್

ಪ್ರಾಚೀನ ಚೀನಾದ ಛು ರಾಜ್ಯದ ಮಂತ್ರಿಯೂ ಕವಿಯೂ ಆಗಿದ್ದ ಚೂ ಯುವಾನ್ ಕ್ರಿ.ಪೂ. 278ರಲ್ಲಿ ಮಿಲುವೊ ನದಿಗೆ ಹಾರಿದ. ಮೀನುಗಳು ಅವನ ದೇಹ ಮುಟ್ಟದಿರಲೆಂದು ಜನ ನದಿಗೆ ಅನ್ನ ಎಸೆದರು. ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ, ಡ್ರ್ಯಾಗನ್ ದೋಣಿ ಹಬ್ಬಕ್ಕೆ, ಎಲೆಯಲ್ಲಿ ಸುತ್ತಿ ಬೇಯಿಸುವ ಅಂಟಕ್ಕಿಯ ತಿನಿಸಾದ ಝೊಂಗ್ಜಿ ಯಾಕೆ ಎಂದರೆ ಎಲ್ಲರೂ ಹೇಳುವ ಕಥೆ ಇದು. ಆದರೆ ಕ್ರಿ.ಶ. 3ನೇ ಶತಮಾನದ ಬರಹಗಾರ ಝೌ ಛು, ಎಲೆಯಲ್ಲಿ ಸುತ್ತಿ ಬೂದಿನೀರಿನಲ್ಲಿ ಬೇಯಿಸುವ ಈ ತಿನಿಸನ್ನು ವರ್ಣಿಸುವಾಗ ಕವಿಯ ಹೆಸರೇ ಎತ್ತುವುದಿಲ್ಲ. ಆಮೇಲಿನ ಒಂದು ಕಥೆ ಇನ್ನೂ ಸೊಗಸು: ಕವಿಯ ಪ್ರೇತವೇ ಬಂದು, ನೀವು ಹಾಕಿದ್ದನ್ನು ನೀರಿನ ಡ್ರ್ಯಾಗನ್ ಕದಿಯುತ್ತಿದೆ, ಎಲೆ ಮುಚ್ಚಿ ಬಣ್ಣದ ದಾರ ಕಟ್ಟಿ ಎನ್ನುತ್ತದೆ. ಅಡುಗೆಮನೆಯಲ್ಲೂ ಕೆಲಸ ಕೆಡುವುದು ಈ ಎರಡರಲ್ಲೇ.

ನಮ್ಮ ಕೊಟ್ಟೆ ಕಡುಬಿನ ಹಾಗೆ ಇಲ್ಲಿ ಹಿಟ್ಟೂ ಇಲ್ಲ, ಹಬೆಯೂ ಇಲ್ಲ. ಇಡೀ ಅಕ್ಕಿ ಪೊಟ್ಟಣದೊಳಗೇ ನೀರಲ್ಲಿ ಮುಳುಗಿ ಬೇಯಬೇಕು. ಉತ್ತರ ಚೀನಾದಲ್ಲಿ ಒಳಗೆ ಕೆಂಪು ಖರ್ಜೂರದಂಥ ಜುಜುಬೆ ಹಣ್ಣು. ಪೂರ್ವ ಚೀನಾದ ಝೇಜಿಯಾಂಗ್ ಪ್ರಾಂತ್ಯದ ಜಿಯಾಶಿಂಗ್ ಊರಿನದು ಹಂದಿಮಾಂಸಕ್ಕೆ ಹೆಸರುವಾಸಿ.

ಹತ್ತು ಝೊಂಗ್ಜಿಗೆ ಅರ್ಧ ಕೆಜಿ ಅಂಟಕ್ಕಿ ಸಾಕು. ಸೋನಾ ಮಸೂರಿ ನಡೆಯದು, ಅದು ಬಿಡಿಬಿಡಿಯಾಗುತ್ತದೆ. ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಮೂರು ಚಮಚ ಸೋಯಾ ಸಾಸ್, ತುಸು ಉಪ್ಪು, ಸಕ್ಕರೆ ಕಲಸಿ. 300 ಗ್ರಾಂ ಮಾಂಸಕ್ಕೂ ಇದೇ ಮಸಾಲೆ; ಕೊಬ್ಬಿನ ತುಂಡೊಂದು ಇರಲೇಬೇಕು, ಅದು ಕರಗಿಯೇ ಅಕ್ಕಿಗೆ ರುಚಿ.

ಒಣ ಬಿದಿರೆಲೆಯನ್ನು ರಾತ್ರಿಯಿಡೀ ನೆನೆಸಿ, ಹತ್ತು ನಿಮಿಷ ಕುದಿಸಿ. ಇಲ್ಲದಿದ್ದರೆ ಮಡಿಸುವಾಗ ನಾರಿನುದ್ದಕ್ಕೂ ಸೀಳುತ್ತದೆ. ಎರಡು ಎಲೆ ಒಂದರ ಮೇಲೊಂದು ಸರಿಸಿಟ್ಟು, ನುಣುಪು ಮೈ ಒಳಗಿರುವಂತೆ ಶಂಕುವಾಗಿ ಸುತ್ತಿ; ತುದಿಯಲ್ಲಿ ಸೂಜಿಯಷ್ಟು ಸಂದು ಉಳಿದರೂ ಅಕ್ಕಿ ಸೋರುತ್ತದೆ. ಅಕ್ಕಿ, ಮಾಂಸ, ಮತ್ತೆ ಅಕ್ಕಿ ತುಂಬಿ, ಉಳಿದ ಎಲೆಯನ್ನು ಬಾಯಿಗೆ ಮಡಿಸಿ ಹತ್ತಿದಾರದಿಂದ ಕಟ್ಟಿ. ತೀರಾ ಬಿಗಿದರೆ ಅಕ್ಕಿ ಉಬ್ಬಲು ಜಾಗವಿಲ್ಲದೆ ನಡುವೆ ಗಟ್ಟಿ ಉಳಿಯುತ್ತದೆ. ಸಡಿಲಾದರೆ ನೀರು ನುಗ್ಗಿ ಗಂಜಿ.

ಮೇಲೊಂದು ತಟ್ಟೆ ಹೇರಿ, ಪೂರ್ತಿ ಮುಳುಗಿಸಿ, ಸಣ್ಣ ಕುದಿಯಲ್ಲಿ ಎರಡೂವರೆ ಗಂಟೆ ಬೇಯಿಸಿ. ನೀರು ಇಳಿದರೆ ಕುದಿನೀರನ್ನೇ ಸೇರಿಸಿ. ಉರಿ ಆರಿಸಿದ ಮೇಲೂ ಒಂದು ಗಂಟೆ ಅದೇ ನೀರಲ್ಲಿರಲಿ. ಫ್ರಿಜ್‌ನಲ್ಲಿಟ್ಟದ್ದು ಕಲ್ಲಾಗುತ್ತದೆ, ಎಲೆ ಬಿಚ್ಚದೆ ಮತ್ತೆ ಕುದಿಸಿದರೆ ಮೆತ್ತಗಾಗುತ್ತದೆ.