ಇಳಿಯೋಕೇ ಆಗಲಿಲ್ಲವಂತೆ, ದುಡ್ಡು ದಂಡ ಅಲ್ವಾ?

ಟ್ರಿಸ್ಟಾನ್ ಡ ಕುನ್ಹಾ ದ್ವೀಪದವರೆಗೆ ಸಣ್ಣ ಹಡಗಿನಲ್ಲಿ ಹೋಗಿಬಂದೆ ಎಂದು ಗೊತ್ತಾದವರೆಲ್ಲ ಕೇಳುವುದು ಇದನ್ನೇ. ‘ಅಷ್ಟು ದುಡ್ಡು ಸುರಿದು, ಅಷ್ಟು ದಿನ ನೀರಿನ ಮೇಲೆ ಕೂತು, ಕೊನೆಗೆ ಊರಿಗೆ ಕಾಲಿಡೋಕೇ ಆಗಲಿಲ್ಲವಂತೆ? ಪಾಪ!’ ಈ ‘ಪಾಪ’ ನನಗೆ ಬೇಡ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ದಂಡ ಅಲ್ಲ.

ದಕ್ಷಿಣ ಅಟ್ಲಾಂಟಿಕ್‌ ನಡುವಿನ ಆ ದ್ವೀಪಕ್ಕೆ ಅತಿ ಹತ್ತಿರದ ಜನವಸತಿಯೆಂದರೆ ಸೇಂಟ್ ಹೆಲೆನಾ ಎಂಬ ಇನ್ನೊಂದು ದ್ವೀಪ. ಅದೇ ಸುಮಾರು 2,400 ಕಿಲೋಮೀಟರ್ ದೂರ. ವಿಮಾನ ಇಳಿಯಲು ಜಾಗವಿಲ್ಲ. ಇನ್ನೂರೈವತ್ತಕ್ಕೂ ಕಡಿಮೆ ಜನ, ಎಲ್ಲರೂ ಒಂದೇ ಊರಿನಲ್ಲಿ. ಬಂದರು ಎಷ್ಟು ಚಿಕ್ಕದೆಂದರೆ ಹಡಗುಗಳು ದೂರದಲ್ಲೇ ನಿಂತು ಜನರನ್ನೂ ಸಾಮಾನನ್ನೂ ದೋಣಿಯಲ್ಲಿ ಕಳಿಸಬೇಕು. ಅಲೆ ಎದ್ದರೆ ಅದೂ ಇಲ್ಲ. ಊರಿನವರೇ ತಮ್ಮ ದಿನಸಿಗಾಗಿ ಸಮುದ್ರ ತಣ್ಣಗಾಗುವುದನ್ನು ಕಾಯುತ್ತಾರೆ. ನಾವು ಯಾವ ಲೆಕ್ಕ?

ಆ ಬೆಳಿಗ್ಗೆ ಊರು ಕಣ್ಣೆದುರಿಗೇ ಇತ್ತು. ಛಾವಣಿಗಳು, ಅವುಗಳ ಹಿಂದೆ ನೆಟ್ಟಗೆ ಎದ್ದ ಬಂಡೆ. ಕ್ಯಾಪ್ಟನ್ ಬಂದರಿನ ಬಾಯಲ್ಲಿ ಒಡೆಯುತ್ತಿದ್ದ ಅಲೆಗಳನ್ನು ಬಹಳ ಹೊತ್ತು ನೋಡಿ, ಆಗುವುದಿಲ್ಲ ಎಂದರು. ನನ್ನ ಪಕ್ಕದಲ್ಲಿದ್ದವರೊಬ್ಬರು ಹಡಗಿನ ಅಂಚಿನ ಕಂಬಿ ಗುದ್ದಿ, ‘ನಾವು ದುಡ್ಡು ಕೊಟ್ಟಿಲ್ವೇನ್ರೀ?’ ಎಂದು ಕೂಗಾಡಿದರು. ಕೊಟ್ಟಿದ್ದು ಯಾರಿಗೆ? ಅಲೆಗಾ? ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಅವರು ಕೂಗಾಡುತ್ತಿದ್ದಾಗ ಊರಿನ ಪಕ್ಕದ ಕಪ್ಪು ಲಾವಾ ದಿಬ್ಬ ಸ್ಪಷ್ಟವಾಗಿ ಕಾಣುತ್ತಿತ್ತು. 1961ರಲ್ಲಿ ಅಲ್ಲಿ ಜ್ವಾಲಾಮುಖಿ ಬಾಯ್ದೆರೆದಾಗ ಊರಿಗೆ ಊರೇ ಖಾಲಿಯಾಗಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಕೆಲಸ, ಮನೆ, ಬಸ್ಸು, ಅಂಗಡಿ ಎಲ್ಲ ಇತ್ತು. ಆದರೂ 1963ರಲ್ಲಿ ಹೆಚ್ಚಿನವರು ಇಲ್ಲಿಗೇ ವಾಪಸ್ ಬಂದರು. ಆ ದಿಬ್ಬವನ್ನೂ ಅದರ ಮಗ್ಗುಲಲ್ಲೇ ಮತ್ತೆ ಒಲೆ ಹೊತ್ತಿಸಿದ ಮನೆಗಳನ್ನೂ ಒಟ್ಟಿಗೆ ನೋಡಿದ್ದೇನೆ. ಅದನ್ನು ದಂಡ ಅನ್ನಬೇಡಿ.

ಯಾರೂ ಕೇಳದ ಪ್ರಶ್ನೆ ಒಂದಿದೆ: ನೀವು ಇಳಿದರೆ ಆ ದ್ವೀಪಗಳ ಗತಿ ಏನು? ಇದನ್ನು ಕೇಳಿ, ರಾತ್ರಿಯಿಡೀ ಮಾತಾಡುತ್ತೇನೆ. ದಕ್ಷಿಣಕ್ಕಿರುವ ಗಾಫ್ ದ್ವೀಪಕ್ಕೆ ಹತ್ತೊಂಬತ್ತನೇ ಶತಮಾನದ ಹಡಗುಗಳಿಂದ ಇಲಿ ಇಳಿಯಿತು. ನಮ್ಮೆಲ್ಲರ ಮನೆಯಲ್ಲಿರುವಂಥದೇ ಸಣ್ಣ ಇಲಿ. ಅದು ಇವತ್ತು ಗೂಡಿನಲ್ಲಿ ಕೂತ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಮರಿಗಳನ್ನು ಜೀವಂತವಾಗಿ ಕಚ್ಚಿ ತಿನ್ನುತ್ತದೆ. ಟ್ರಿಸ್ಟಾನ್ ಆಲ್ಬಟ್ರಾಸ್ ಎಂಬ ಹಕ್ಕಿಗೆ ಮರಿ ಮಾಡಲು ಹೆಚ್ಚುಕಡಿಮೆ ಆ ದ್ವೀಪ ಬಿಟ್ಟರೆ ಬೇರೆ ನೆಲೆಯಿಲ್ಲ. 2021ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಕಾಳು ಚೆಲ್ಲಿದರು. ವರ್ಷ ಮುಗಿಯುವುದರೊಳಗೆ ಇಲಿ ಮತ್ತೆ ಕಾಣಿಸಿಕೊಂಡಿತು. 2011ರ ಮಾರ್ಚ್‌ನಲ್ಲಿ ಸೋಯಾ ತುಂಬಿದ ‘ಒಲಿವಾ’ ಎಂಬ ಸರಕು ಹಡಗು ಟ್ರಿಸ್ಟಾನ್‌ಗೆ ಹತ್ತಿರದ ನೈಟಿಂಗೇಲ್ ದ್ವೀಪದ ಬಂಡೆಗೆ ಬಡಿದು ಒಡೆದು ತನ್ನ ಇಂಧನದ ಎಣ್ಣೆ ಚೆಲ್ಲಿತು. ಟ್ರಿಸ್ಟಾನ್‌ನ ಆ ಒಂದು ಹಿಡಿ ಜನ ಸುಮಾರು 3,700 ಪೆಂಗ್ವಿನ್‌ಗಳನ್ನು ತಮ್ಮ ಊರಿಗೆ ತಂದರು, ತೊಳೆದರು, ಊರಿನ ಈಜುಕೊಳದಲ್ಲಿ ಇಟ್ಟು ಆರೈಕೆ ಮಾಡಿದರು. ಎಷ್ಟೋ ಹಕ್ಕಿಗಳು ಉಳಿಯಲಿಲ್ಲ.

ಆ ಇಲಿಯಂತೆ ಹೊರಗಿನದೇನೂ ನಮ್ಮ ಜೊತೆ ಇಳಿದು ಅಲ್ಲಿ ಬೇರೂರಬಾರದು. ಅದಕ್ಕೇ ಇಳಿಯುವ ಹಿಂದಿನ ದಿನ ಹಡಗಿನಲ್ಲಿ ನೆಲದ ಮೇಲೆ ಕೂತು ಬೂಟಿನ ಅಡಿಯ ಸಂದುಗಳಿಂದ ಹುಲ್ಲಿನ ಬೀಜ ಕೀಳುತ್ತೇವೆ. ಜೇಬು ಒಳಹೊರಗು ಮಾಡಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯುತ್ತೇವೆ. ಸೋಂಕುನಾಶಕದಲ್ಲಿ ಕಾಲು ಅದ್ದುತ್ತೇವೆ. ನಗುವವರು ನಗಲಿ. ನನಗೆ ಸಣ್ಣ ಹಡಗು ಬೇಕಾಗಿರುವುದು ಇದಕ್ಕೇ. ಪ್ರತಿಯೊಬ್ಬರ ಬೂಟನ್ನೂ ಒಬ್ಬರು ಕೈಯಲ್ಲಿ ಹಿಡಿದು ನೋಡಬಹುದು. ಸಾವಿರಾರು ಜನರ ಹಡಗಿನಲ್ಲಿ ಅದು ಎಲ್ಲಿ ಸಾಧ್ಯ? ಹಾಗಂತ ಸಣ್ಣ ಹಡಗು ನೀರು ಕುಡಿದು ಓಡುವುದಿಲ್ಲ, ಅದೂ ಎಣ್ಣೆ ಸುಡುತ್ತದೆ, ಬಂಡೆಗೆ ಬಡಿದರೆ ಅದರದೂ ಚೆಲ್ಲುತ್ತದೆ. ಹೋಗಲೇಬೇಕಾ ಎಂದು ಯಾರಾದರೂ ಗಟ್ಟಿಯಾಗಿ ಕೇಳಿದರೆ ನನ್ನ ಬಳಿ ಸಲೀಸಾದ ಉತ್ತರವಿಲ್ಲ. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ.

ನೀವೂ ಹೊರಡುವುದಾದರೆ, ಇಳಿಯದಿದ್ದರೆ ದುಡ್ಡು ವಾಪಸ್ಸಾ ಎಂದು ಮೊದಲು ಕೇಳಬೇಡಿ. ಬೂಟು ಯಾರು ನೋಡುತ್ತಾರೆ, ಹೇಗೆ ನೋಡುತ್ತಾರೆ, ಬೀಜ ಸಿಕ್ಕಿದರೆ ಏನು ಮಾಡುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಹಡಗು ಬೇಡ.